ಓದನ್ನೂ ಓಟವನ್ನೂ ಒಟ್ಟಿಗೆ ಕಲಿಸಿದ ಮೇಷ್ಟ್ರು

ಒಬ್ಬ ಕ್ರೀಡಾ ತರಬೇತುದಾರರು ಎಷ್ಟು ದೊಡ್ಡವರು ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಪದಕಗಳನ್ನು ಎಣಿಸುತ್ತೇವೆ. ಆ ಲೆಕ್ಕದಲ್ಲಿ ನೋಡಿದರೂ ಅಮೆರಿಕದ ಎಡ್ ಟೆಂಪಲ್ ದೊಡ್ಡವರೇ. ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದ ಒಂದು ಕಾಲೇಜಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹುಡುಗಿಯರಿಗೆ ಓಟ ಕಲಿಸಿದ ಅವರ ಕೈಕೆಳಗೆ 40 ಮಂದಿ ಒಲಿಂಪಿಕ್ ಕ್ರೀಡಾಪಟುಗಳು ತಯಾರಾದರು. ಅವರು ಗೆದ್ದ ಒಲಿಂಪಿಕ್ ಪದಕಗಳು 23. ಅದರಲ್ಲಿ 13 ಚಿನ್ನ. ಒಂದೇ ಕಾಲೇಜಿನ ಒಬ್ಬರೇ ಮೇಷ್ಟ್ರ ಸಾಧನೆ ಇದು.

ಆದರೆ ಇನ್ನೊಂದು ಲೆಕ್ಕವೂ ಇದೆ. ಆ 40 ಮಂದಿಯಲ್ಲಿ ಬಹುತೇಕ ಎಲ್ಲರೂ ಕಾಲೇಜು ಪದವಿ ಮುಗಿಸಿದರು. ನನ್ನ ಮಟ್ಟಿಗೆ ಪದಕಗಳ ಸಂಖ್ಯೆಗಿಂತ ಇದೇ ದೊಡ್ಡ ವಿಷಯ. ಕಾಲೇಜಿನ ಕೋಚ್ ಎಂದರೆ ಮೊದಲು ಅಧ್ಯಾಪಕ. ಓಟ ನಿಂತ ಮೇಲೂ ವಿದ್ಯಾರ್ಥಿಯ ಬದುಕು ಓಡುತ್ತಿರಬೇಕು ಎಂದು ಯೋಚಿಸುವವನೇ ನಿಜವಾದ ಕೋಚ್. ಸಿಇಟಿ, ನೀಟ್ ಎಂದು ಆಟದ ಪೀರಿಯಡನ್ನು ಮೊದಲು ಬಲಿಕೊಡುವ ಈ ಕಾಲದಲ್ಲಿ ಟೆಂಪಲ್ ಅವರ ಬದುಕನ್ನು ನಮ್ಮ ವಿದ್ಯಾರ್ಥಿಗಳೂ ಅಧ್ಯಾಪಕರೂ ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು ಎಂದು ನನಗೆ ಅನಿಸುತ್ತದೆ.

ಟೆಂಪಲ್ ಹುಟ್ಟಿದ್ದು 1927ರಲ್ಲಿ, ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಲ್ಲಿ. ಓಟಗಾರನಾಗಿ ಟೆನೆಸ್ಸೀ ಸ್ಟೇಟ್ ಕಾಲೇಜಿಗೆ ಸೇರಿ 1950ರಲ್ಲಿ ಪದವಿ ಪಡೆದರು. ಅದು ಕರಿಯ ಜನಾಂಗದ ಮಕ್ಕಳಿಗಾಗಿ ಸ್ಥಾಪನೆಯಾದ ಕಾಲೇಜು. ಬಿಳಿಯರ ವಿಶ್ವವಿದ್ಯಾಲಯಗಳ ಬಾಗಿಲು ಆಗ ಅವರಿಗೆ ಮುಚ್ಚಿತ್ತು. ಪದವಿ ಮುಗಿದ ಕೂಡಲೇ ಕಾಲೇಜಿನವರು ಟೆಂಪಲ್ ಅವರಿಗೆ ಒಂದು ಕೆಲಸ ಕೊಟ್ಟರು. ತಿಂಗಳಿಗೆ 150 ಡಾಲರ್ ಸಂಬಳ. ಕ್ಯಾಂಪಸ್‌ನ ಅಂಚೆ ಕಚೇರಿ ನೋಡಿಕೊಳ್ಳಬೇಕು, ಅದರ ಜೊತೆಗೆ ಹುಡುಗಿಯರ ಓಟದ ತಂಡವನ್ನೂ ನೋಡಿಕೊಳ್ಳಬೇಕು. ಅಂದರೆ ಆ ಕಾಲದಲ್ಲಿ ಹುಡುಗಿಯರ ಓಟಕ್ಕೆ ಇದ್ದ ಬೆಲೆ ಅಷ್ಟೇ, ಅಂಚೆ ವಿಂಗಡಿಸುವವನು ಬಿಡುವಿನಲ್ಲಿ ಮಾಡುವ ಕೆಲಸ!

ಟೆಂಪಲ್ ಅದನ್ನು ಬಿಡುವಿನ ಕೆಲಸವಾಗಿ ಉಳಿಸಲಿಲ್ಲ. ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಅದೇ ಕಾಲೇಜಿನಲ್ಲಿ ಆ ವಿಷಯದ ಅಧ್ಯಾಪಕರಾದರು. ತರಗತಿಯಲ್ಲಿ ಪಾಠ, ಮೈದಾನದಲ್ಲಿ ತರಬೇತಿ. ಅವರ ತಂಡಕ್ಕೆ 'ಟೈಗರ್‌ಬೆಲ್ಸ್' ಎಂದು ಹೆಸರು ಬಂತು. ಓಡಲು ಇದ್ದದ್ದು ಮಣ್ಣಿನ ಟ್ರ್ಯಾಕ್. ಇಂದು ಆ ಕಾಲೇಜಿನ ಟ್ರ್ಯಾಕ್‌ಗೆ ಟೆಂಪಲ್ ಅವರದೇ ಹೆಸರಿದೆ. ಆದರೆ ಅವರ ಶಿಷ್ಯೆಯರು ಒಲಿಂಪಿಕ್ ಚಿನ್ನ ಗೆದ್ದು ತಂದ ಮೊದಲ ವರ್ಷಗಳಲ್ಲಿ ಅಂಥ ಅನುಕೂಲ ಯಾವುದೂ ಅಲ್ಲಿ ಇರಲಿಲ್ಲ.

ಹುಡುಗಿಯರಿಗೆ ಕ್ರೀಡಾ ವಿದ್ಯಾರ್ಥಿವೇತನವೂ ಇರಲಿಲ್ಲ. ಕಾಲೇಜಿನಲ್ಲೇ ದಿನಕ್ಕೆ ಎರಡು ಗಂಟೆ ಏನಾದರೂ ಕೆಲಸ ಮಾಡಿ ಅವರು ಓದಿನ ಖರ್ಚು ತೂಗಿಸುತ್ತಿದ್ದರು. ಅದರ ಮೇಲೆ ತರಗತಿ, ಅದರ ಮೇಲೆ ಅಭ್ಯಾಸ. ಓದಲು ಸಮಯವೇ ಸಿಗುವುದಿಲ್ಲ ಎಂದು ಹೇಳುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಆ ಹುಡುಗಿಯರಿಗೆ. ಟೆಂಪಲ್ ಆ ಮಾತಿಗೆ ಅವಕಾಶ ಕೊಡಲಿಲ್ಲ. ಓದಿನಲ್ಲಿ ಹಿಂದೆ ಬಿದ್ದವಳಿಗೆ ತಂಡದಲ್ಲಿ ಜಾಗ ಇರಲಿಲ್ಲ. ಬಂದದ್ದು ಓದಲು, ಓಟ ಆಮೇಲೆ ಎಂಬುದು ಅವರ ತಂಡದ ಮೊದಲ ನಿಯಮ.

ಊರೂರಿಗೆ ಸ್ಪರ್ಧೆಗೆ ಹೋಗುವುದೂ ಸುಲಭವಿರಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ವರ್ಣಭೇದ ಕಾನೂನಾಗಿಯೇ ಇತ್ತು. ದಾರಿಯಲ್ಲಿ ಸಿಗುವ ಹೋಟೆಲುಗಳಲ್ಲಿ ಕರಿಯರು ಕುಳಿತು ಊಟ ಮಾಡುವಂತಿರಲಿಲ್ಲ, ಶೌಚಾಲಯ ಬಳಸುವಂತಿರಲಿಲ್ಲ. ಹಾಗಾಗಿ ಬುತ್ತಿ ಕಟ್ಟಿಕೊಂಡು ಕಾರುಗಳಲ್ಲಿ ತುಂಬಿಕೊಂಡು ನೂರಾರು ಮೈಲಿ ಹೋಗುತ್ತಿದ್ದರು. ಸ್ಟೀರಿಂಗ್ ಹಿಡಿಯುತ್ತಿದ್ದವರು ಕೋಚ್ ಟೆಂಪಲ್. ತಂಡದ ಹುಡುಗಿಯರ ಪಾಲಿಗೆ ಅವರ ಪತ್ನಿ ತಾಯಿಯಂತಿದ್ದರು.

ವಿಲ್ಮಾ ರುಡಾಲ್ಫ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 22 ಮಕ್ಕಳ ದೊಡ್ಡ ಕುಟುಂಬದಲ್ಲಿ ಇಪ್ಪತ್ತನೆಯವಳು. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಎಡಗಾಲಿಗೆ ಲೋಹದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದಳು. ಕರಿಯರಿಗೆ ಚಿಕಿತ್ಸೆ ಸಿಗುವ ಆಸ್ಪತ್ರೆ ಇದ್ದದ್ದು ಸುಮಾರು 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ನಲ್ಲಿ. ತಾಯಿ ಅವಳನ್ನು ವಾರ ವಾರ ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮುಂದೆ ಅದೇ ಹುಡುಗಿ ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುವಾಗ ರೆಫರಿಯಾಗಿ ಬಂದಿದ್ದ ಟೆಂಪಲ್ ಅವಳ ಓಟದ ಚುರುಕನ್ನು ಗಮನಿಸಿದರು, ತಮ್ಮ ಬೇಸಿಗೆ ಶಿಬಿರಕ್ಕೆ ಸೇರಿಸಿಕೊಂಡರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 16ರ ವಯಸ್ಸಿಗೆ ರಿಲೇ ಕಂಚು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಮತ್ತು 4x100 ರಿಲೇ, ಮೂರರಲ್ಲೂ ಚಿನ್ನ! ಒಂದೇ ಒಲಿಂಪಿಕ್ಸ್‌ನ ಟ್ರ್ಯಾಕ್‌ನಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಆಕೆ.

ವಿಲ್ಮಾ ಬಗ್ಗೆ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಒಮ್ಮೆ ನಿದ್ದೆ ಹತ್ತಿ ಅಭ್ಯಾಸಕ್ಕೆ ಅರ್ಧ ಗಂಟೆ ತಡವಾಗಿ ಬಂದಳು. ಟೆಂಪಲ್ ಬೈಯಲಿಲ್ಲ. ತಡವಾದ ನಿಮಿಷಕ್ಕೊಂದರಂತೆ 30 ಸುತ್ತು ಹೆಚ್ಚು ಓಡಿಸಿದರು. ಮರುದಿನ ಅವಳು ಅರ್ಧ ಗಂಟೆ ಮೊದಲೇ ಬಂದು ಕುಳಿತಿದ್ದಳು. ಶಿಕ್ಷೆಯ ಹೊರೆಯನ್ನು ನಾನು ಮೆಚ್ಚಬೇಕಾಗಿಲ್ಲ, 30 ಸುತ್ತು ನಮ್ಮ ಮಕ್ಕಳಿಗೆ ಬೇಡ. ಇಲ್ಲಿ ಮೆಚ್ಚಬೇಕಾದದ್ದು ತಾರೆಗೊಂದು ನಿಯಮ, ಉಳಿದವರಿಗೊಂದು ನಿಯಮ ಎಂಬುದು ಅವರಲ್ಲಿ ಇರಲಿಲ್ಲ ಎಂಬುದನ್ನು. ಎಲ್ಲರಿಗೂ ಒಂದೇ ಗಡಿಯಾರ.

ರೋಮ್‌ನ ರಿಲೇಯನ್ನೇ ನೋಡಿ. ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ವಿಲ್ಮಾ ರುಡಾಲ್ಫ್. ಅಮೆರಿಕದ ಪರವಾಗಿ ಓಡಿದ ಈ ನಾಲ್ವರೂ ಒಂದೇ ಕಾಲೇಜಿನವರು, ಟೆಂಪಲ್ ಅವರ ಶಿಷ್ಯೆಯರು. ಅಂತಿಮ ಸುತ್ತಿನಲ್ಲಿ ಕೊನೆಯ ಬೇಟನ್ ಹಸ್ತಾಂತರ ಎಡವಿತು. ವಿಲ್ಮಾ ಕ್ಷಣಕಾಲ ಹಿಂದೆ ಬಿದ್ದಳು. ಆದರೂ ಗೆದ್ದರು. ಎಲ್ಲರ ನೆನಪಿನಲ್ಲಿ ಉಳಿದದ್ದು ವಿಲ್ಮಾ ಒಬ್ಬಳೇ. ಉಳಿದವರು ಏನಾದರು? ಲುಸಿಂಡಾ ಓಹಾಯೋದ ಡೇಟನ್ ನಗರದ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕಿಯಾದರು. ಮಾರ್ಥಾ ಶಾಲಾ ಶಿಕ್ಷಕಿಯಾದರು. ವಿಲ್ಮಾ ಕೂಡ 1963ರಲ್ಲಿ ಪದವಿ ಮುಗಿಸಿ ಊರಿಗೆ ಮರಳಿ ಮಕ್ಕಳಿಗೆ ಪಾಠ ಹೇಳಿದರು, ಓಟ ಕಲಿಸಿದರು. ಓಟಗಾರ್ತಿಯ ಕಾಲುಗಳಿಗೆ ಕೆಲವೇ ವರ್ಷಗಳ ಆಯಸ್ಸು. ಆ ವರ್ಷಗಳು ಮುಗಿದಾಗ ಈ ಹೆಣ್ಣುಮಕ್ಕಳ ಕೈ ಖಾಲಿ ಇರಲಿಲ್ಲ. ಪದವಿ ಇತ್ತು, ಉದ್ಯೋಗ ಇತ್ತು, ಇನ್ನೊಬ್ಬರಿಗೆ ಕಲಿಸುವ ಶಕ್ತಿ ಇತ್ತು.

ಆ ಹುಡುಗಿಯರಿಗೆ ಆತ್ಮಗೌರವವೂ ಇತ್ತು. ರೋಮ್‌ನಿಂದ ಮರಳಿದ ವಿಲ್ಮಾಗೆ ಹುಟ್ಟೂರು ಕ್ಲಾರ್ಕ್ಸ್‌ವಿಲ್‌ನಲ್ಲಿ ಮೆರವಣಿಗೆ, ಔತಣ ಏರ್ಪಾಡಾಯಿತು. ಕರಿಯರು, ಬಿಳಿಯರು ಬೇರೆ ಬೇರೆ ಕೂರುವ ಸಮಾರಂಭವಾದರೆ ತಾನು ಬರುವುದಿಲ್ಲ ಎಂದು 20 ವರ್ಷದ ಆ ಹುಡುಗಿ ಹೇಳಿದಳು. ಆ ಊರಿನ ಇತಿಹಾಸದಲ್ಲಿ ಎರಡೂ ಜನಾಂಗದವರು ಒಟ್ಟಿಗೆ ಸೇರಿದ ಮೊದಲ ಸಾರ್ವಜನಿಕ ಸಮಾರಂಭ ಅದಾಯಿತು. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ ಟೆಂಪಲ್ ಅವರ ಇನ್ನೊಬ್ಬ ಶಿಷ್ಯೆ ವಯೋಮಿಯಾ ಟೈಯಸ್ 100 ಮೀಟರ್ ಚಿನ್ನ ಗೆದ್ದಳು. ತಂದೆಯನ್ನು ಹದಿಹರೆಯದಲ್ಲೇ ಕಳೆದುಕೊಂಡಿದ್ದವಳು ಅವಳು. 1968ರಲ್ಲಿ ಮೆಕ್ಸಿಕೊದಲ್ಲಿ ಮತ್ತೆ ಅದೇ ಚಿನ್ನ ಗೆದ್ದಳು. 100 ಮೀಟರ್ ಓಟದ ಒಲಿಂಪಿಕ್ ಚಿನ್ನವನ್ನು ಸತತ ಎರಡು ಬಾರಿ ಗೆದ್ದದ್ದು ಪುರುಷರನ್ನೂ ಸೇರಿಸಿ ಜಗತ್ತಿನಲ್ಲೇ ಮೊದಲು.

ಟೆಂಪಲ್ 1994ರಲ್ಲಿ ನಿವೃತ್ತರಾದಾಗ ಆ ತಂಡದ ಹೊಣೆ ಹೊತ್ತವರು ಚಾಂಡ್ರಾ ಚೀಸ್‌ಬರೋ. ಅವರೂ ಟೆಂಪಲ್ ಅವರ ಶಿಷ್ಯೆಯೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಎರಡು ರಿಲೇ ಚಿನ್ನ, 400 ಮೀಟರ್‌ನಲ್ಲಿ ಬೆಳ್ಳಿ ಗೆದ್ದವರು. ಒಬ್ಬ ಗುರುವಿನ ಬಗ್ಗೆ ಸನ್ಮಾನ ಸಮಾರಂಭದಲ್ಲಿ ಯಾರು ಬೇಕಾದರೂ ಹೊಗಳಿ ಮಾತಾಡಬಹುದು. ಶಿಷ್ಯೆಯೇ ಅದೇ ಕಾಲೇಜಿಗೆ ಬಂದು ಅದೇ ಮೈದಾನದಲ್ಲಿ ಅದೇ ಕೆಲಸ ಮುಂದುವರಿಸುವುದಕ್ಕಿಂತ ದೊಡ್ಡ ಗೌರವ ಇನ್ನೇನಿದೆ? 2016ರಲ್ಲಿ, 89ನೇ ವಯಸ್ಸಿನಲ್ಲಿ ಟೆಂಪಲ್ ತೀರಿಕೊಂಡರು.

ಈಗ ನಮ್ಮ ವಿಷಯಕ್ಕೆ ಬರೋಣ. ಅದು ಅಮೆರಿಕ, ಇದು ನಮ್ಮ ಪಿಯು ಕಾಲೇಜು, ಎರಡಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ನಮಗೆ ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಹಣವಿಲ್ಲ ಎನ್ನಬಹುದು. ಟೆಂಪಲ್ ಅವರಿಗೂ ಇರಲಿಲ್ಲ. ಅವರಲ್ಲಿ ಇದ್ದದ್ದು ಸಮಯ, ಶಿಸ್ತು ಮತ್ತು ವಿದ್ಯಾರ್ಥಿಗಳ ಮೇಲೆ ನಂಬಿಕೆ. ಮೂರಕ್ಕೂ ಟೆಂಡರ್ ಕರೆಯಬೇಕಾಗಿಲ್ಲ.

ಎರಡನೆಯ ಮಾತು ಪರೀಕ್ಷೆಯದು. ಎರಡು ವರ್ಷದ ಪಿಯು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ, ಆಟಕ್ಕೆ ಎಲ್ಲಿ ಸಮಯ ಎಂದು ಪೋಷಕರು ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಈ ಮಕ್ಕಳೇ. ಆದರೆ ಓದು ಅಥವಾ ಓಟ ಎಂದು ಎರಡರಲ್ಲೊಂದನ್ನು ಆರಿಸಬೇಕು ಎಂಬ ಯೋಚನೆಯೇ ತಪ್ಪು ಎಂದು ಟೆಂಪಲ್ ಅವರ ಶಿಷ್ಯೆಯರು ತೋರಿಸಿಕೊಟ್ಟರು. ವಾರದಲ್ಲಿ ಒಂದೋ ಎರಡೋ ಇರುವ ಪಿಟಿ ಪೀರಿಯಡನ್ನು ಸಿಲಬಸ್ ಮುಗಿಸಲು ಕೇಳಿ ಪಡೆಯುವುದು ನಮ್ಮ ಎಷ್ಟೋ ಕಾಲೇಜುಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಆ ಒಂದು ಗಂಟೆಯಿಂದ ಸಿಗುವ ಅಂಕಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಮೂರನೆಯದು ಹೆಣ್ಣುಮಕ್ಕಳ ವಿಷಯ. ಹತ್ತನೇ ತರಗತಿಯವರೆಗೆ ಶಾಲೆಯ ಕ್ರೀಡಾಕೂಟದಲ್ಲಿ ಓಡಿ ಬಹುಮಾನ ಗೆದ್ದವಳು ಪಿಯುಗೆ ಬಂದ ಮೇಲೆ ಮೈದಾನದ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುವವಳಾಗುತ್ತಾಳೆ. ಯಾರೂ ಬೇಡ ಎಂದಿರುವುದಿಲ್ಲ, ಬಾ ಎಂದೂ ಯಾರೂ ಕರೆದಿರುವುದಿಲ್ಲ. ಮನೆಯವರ ಸಂಕೋಚಕ್ಕೆ ಕಾರಣ ಓಟವಲ್ಲ. ಯಾರ ಜೊತೆ, ಯಾವ ಉಡುಪಿನಲ್ಲಿ, ಎಷ್ಟು ಹೊತ್ತಿಗೆ ಮನೆಗೆ ಎಂಬ ಪ್ರಶ್ನೆಗಳು. ಟೆಂಪಲ್ ಕಾಲದ ತಂದೆತಾಯಂದಿರಿಗೂ ಇಂಥವೇ ಪ್ರಶ್ನೆಗಳಿದ್ದವು. ಶಾಲಾ ವಯಸ್ಸಿನ ಮಗಳನ್ನು ದೂರದ ಊರಿನ ಬೇಸಿಗೆ ಶಿಬಿರಕ್ಕೆ ಕಳಿಸಲು ಅವರು ಒಪ್ಪಿದ್ದು ಮೇಷ್ಟ್ರ ಕಟ್ಟುನಿಟ್ಟಿನ ಮೇಲಿನ ಭರವಸೆಯಿಂದ. ನಾವೂ ಆ ಭರವಸೆ ಗಳಿಸಬಹುದು. ಹುಡುಗಿಯರಿಗೆ ಬೇರೆ ಸಮಯ, ತಲೆವಸ್ತ್ರದೊಂದಿಗೆ ಪೂರ್ತಿ ಮೈ ಮುಚ್ಚುವ ಟ್ರ್ಯಾಕ್ ಸೂಟ್, ಸ್ಪರ್ಧೆಗೆ ಹೋಗುವಾಗ ಜೊತೆಗೊಬ್ಬ ಅಧ್ಯಾಪಕಿ, ಪೋಷಕರ ಸಭೆಯಲ್ಲಿ ಇದನ್ನೆಲ್ಲ ಮುಖಾಮುಖಿ ಹೇಳುವ ಧೈರ್ಯ, ಇಷ್ಟಿದ್ದರೆ ಸಾಕು.

1984ರ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್ ನಮಗೆಲ್ಲ ನೆನಪಿರುವುದು ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದಕ್ಕೆ. ಆ ಓಟದಲ್ಲಿ ಚಿನ್ನ ಗೆದ್ದವರು ಯಾರು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರು ಮೊರಾಕೊದ ನವಾಲ್ ಅಲ್ ಮುತವಕ್ಕಿಲ್. ಅರಬ್ ನಾಡಿನ ಈ ಮುಸ್ಲಿಂ ಹೆಣ್ಣುಮಗಳು ಆಗ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆಕೆಯೂ ಕಾಲೇಜಿನ ಓಟಗಾರ್ತಿಯೇ, ಪುಸ್ತಕ ಕೆಳಗಿಡದೆ ಓಡಿದವಳೇ. ಮುಂದೆ ತನ್ನ ದೇಶದಲ್ಲಿ ಕ್ರೀಡಾ ಸಚಿವೆಯೂ ಆದರು.

ಕೊನೆಯದಾಗಿ ನಮ್ಮ ದೈಹಿಕ ಶಿಕ್ಷಣದ ಸಹೋದ್ಯೋಗಿಗಳ ಬಗ್ಗೆ ಒಂದು ಮಾತು. ಸ್ವಾತಂತ್ರ್ಯ ದಿನಕ್ಕೆ ಸಾಲು ನಿಲ್ಲಿಸಲು, ವಾರ್ಷಿಕೋತ್ಸವದಲ್ಲಿ ಗಲಾಟೆ ನಿಯಂತ್ರಿಸಲು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯಲು ಎಲ್ಲರಿಗೂ ಅವರೇ ಬೇಕು. ಫಲಿತಾಂಶದ ಸಭೆಯಲ್ಲಿ ಮಾತ್ರ ಅವರ ಅಭಿಪ್ರಾಯ ಯಾರೂ ಕೇಳುವುದಿಲ್ಲ. ಒಬ್ಬ ಹುಡುಗ ಏಕೆ ಇದ್ದಕ್ಕಿದ್ದಂತೆ ಮಂಕಾದ, ಒಬ್ಬ ಹುಡುಗಿ ಏಕೆ ಊಟ ಬಿಟ್ಟಿದ್ದಾಳೆ ಎಂಬುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಅವರಿಗೇ. ಅವರನ್ನು ಪೂರ್ಣ ಪ್ರಮಾಣದ ಅಧ್ಯಾಪಕರಾಗಿ ಕಾಣುವುದು ಆಡಳಿತ ಮಂಡಳಿ ಮತ್ತು ನಮ್ಮಂಥ ಉಪನ್ಯಾಸಕರ ಕರ್ತವ್ಯ. ಮಕ್ಕಳ ಅಂಕಪಟ್ಟಿಯನ್ನೂ ನೋಡಿ ಪ್ರಶ್ನಿಸುವುದು ಅವರ ಕರ್ತವ್ಯ. ಟೆಂಪಲ್ ಮಾಡಿದ್ದೂ ಅದನ್ನೇ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ತಾಲೂಕು, ಜಿಲ್ಲಾ ಮಟ್ಟದಲ್ಲಿ ಗೆಲ್ಲಬೇಕಾಗಿಲ್ಲ. ಸ್ಪೋರ್ಟ್ಸ್ ಕೋಟಾದ ಸೀಟಿಗಾಗಿ ಓಡಿ ಎಂದೂ ನಾನು ಹೇಳುತ್ತಿಲ್ಲ. ನಿಮ್ಮ ಪಿಟಿ ಪೀರಿಯಡನ್ನು ಬಿಟ್ಟುಕೊಡಬೇಡಿ, ಮರುದಿನದ ಹೋಮ್‌ವರ್ಕನ್ನೂ ಬಾಕಿ ಇಡಬೇಡಿ. ಈ ಎರಡು ಮಾತು ಪಾಲಿಸಿದರೆ ಎಡ್ ಟೆಂಪಲ್ ಅವರ ತಂಡದಲ್ಲಿ ನಿಮಗೂ ಜಾಗ ಸಿಗುತ್ತಿತ್ತು.