ಸತ್ತ ಮಂಗ ನೀಡುವ ಎಚ್ಚರಿಕೆ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸತ್ತು ಬಿದ್ದವು. ಆಸುಪಾಸಿನ ಜನರೂ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಪತ್ತೆ ಹಚ್ಚಿದರು. ಅದಕ್ಕೆ ಆ ಕಾಡಿನ ಹೆಸರೇ ಬಂತು. ಆರು ದಶಕಗಳು ಉರುಳಿದರೂ ಮಂಗನ ಕಾಯಿಲೆ ಮಲೆನಾಡನ್ನು ಬಿಟ್ಟಿಲ್ಲ. 2018ರ ಡಿಸೆಂಬರ್‌ನಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡ ಹಾವಳಿ ಹಲವು ಜೀವಗಳನ್ನು ಬಲಿ ತೆಗೆದುಕೊಂಡಿತು.

ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಉಣುಗಿನ ಕಡಿತದಿಂದ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುತ್ತವೆ. ದರಗು ಗುಡಿಸುವವರು, ಸೌದೆ ತರುವವರು, ದನ ಕಾಯುವವರು ಅವಕ್ಕೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಸತ್ತ ಮಂಗವೇ ಮೊದಲ ಎಚ್ಚರಿಕೆ. ಆದರೆ ಕಾಡು ಅರಣ್ಯ ಇಲಾಖೆಗೆ, ದನ ಪಶುಸಂಗೋಪನಾ ಇಲಾಖೆಗೆ, ರೋಗಿ ಆರೋಗ್ಯ ಇಲಾಖೆಗೆ ಸೇರಿದ್ದು. ಉಣುಗು ಮಾತ್ರ ಈ ಗಡಿಗಳನ್ನು ಅರಿಯದು. ಒಂದು ಇಲಾಖೆಗೆ ತಿಳಿದದ್ದು ಅಂದೇ ಇನ್ನೊಂದಕ್ಕೆ ತಲುಪದಿದ್ದರೆ, ಆ ವಿಳಂಬದ ಬೆಲೆಯನ್ನು ಬಡ ಕೂಲಿಕಾರನೇ ತೆರಬೇಕಾಗುತ್ತದೆ.

ಲಸಿಕೆಯ ಕಥೆ ಇನ್ನೂ ಕಹಿ. ಎರಡು ಡೋಸ್ ಪಡೆದವರಿಗೂ ಸಿಗುವ ರಕ್ಷಣೆ ಸುಮಾರು ಶೇ. 62 ಮಾತ್ರ ಎಂದು 2013ರಲ್ಲೇ ಅಧ್ಯಯನವೊಂದು ತಿಳಿಸಿತ್ತು. ಆದರೂ ಅದೇ ಲಸಿಕೆ ಮುಂದುವರಿದು, 2022ರಲ್ಲಿ ನಿಂತಿತು. ಅದು ನಿಂತಾಗ ಬದಲಿ ಲಸಿಕೆ ಸಿದ್ಧವಿರಲಿಲ್ಲ. ಹೊಸ ಲಸಿಕೆಯ ತಯಾರಿ ಆರಂಭವಾಯಿತಾದರೂ, ಈ ಅಂತರಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಉಳಿದೇ ಇದೆ. ರೋಗಕ್ಕೆ ನಿರ್ದಿಷ್ಟ ಔಷಧವೂ ಇಲ್ಲದಿರುವಾಗ ಸಂಸ್ಥೆಗಳ ಉದಾಸೀನ ಅಕ್ಷಮ್ಯ.

ಸರಕಾರವನ್ನು ದೂರಿ ಸುಮ್ಮನಾಗುವ ಹಕ್ಕು ನಮಗೂ ಇಲ್ಲ. ಇದು ಕಾಡಂಚಿನವರ ಕಾಯಿಲೆ ಎಂಬ ಭಾವನೆ ಶಿವಮೊಗ್ಗ, ಭದ್ರಾವತಿಯ ಪೇಟೆಗಳಲ್ಲಿದೆ. ಆದರೆ ತೋಟದ ಕೆಲಸಕ್ಕೆ, ಸೌದೆಗೆ, ಬಂಧುಗಳ ಮನೆಗೆಂದು ಕಾಡಿನ ಕಡೆಗೆ ಹೋಗಿ ಬರುವವರು ಪೇಟೆಯಲ್ಲೂ ಇದ್ದಾರೆ. ಡಿಸೆಂಬರ್‌ನಿಂದ ಮೇವರೆಗಿನ ಅಪಾಯದ ತಿಂಗಳುಗಳಲ್ಲಿ ಜಮಾಅತ್ ಸಮಿತಿಗಳು, ಮಹಿಳಾ ಸಂಘಗಳು, ಶಾಲೆಗಳು ಕೆಲವೇ ಮಾತುಗಳನ್ನು ಮನೆಮನೆಗೆ ಮುಟ್ಟಿಸಲಿ: ಸತ್ತ ಮಂಗವನ್ನು ಮುಟ್ಟಬೇಡಿ, ಕೂಡಲೇ ತಿಳಿಸಿ, ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ನೀಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮರಳಿದೊಡನೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ರಕ್ತಪರೀಕ್ಷೆಯ ಪ್ರಯೋಗಾಲಯ ಶಿವಮೊಗ್ಗದಲ್ಲೇ ಇದೆ.

ಮೂರು ಇಲಾಖೆಗಳೂ ಒಂದೇ ಮೇಜಿನ ಸುತ್ತ ಕುಳಿತು ಮಂಗಗಳ ಸಾವಿನ ವರದಿಯನ್ನು ವಾರವಾರವೂ ಪ್ರಕಟಿಸಲಿ ಎಂದು ಎಲ್ಲ ಸಮುದಾಯಗಳೂ ಒಂದಾಗಿ ಒತ್ತಾಯಿಸಬೇಕು. ಉಣುಗು ಜಾತಿಮತ ನೋಡಿ ಕಚ್ಚುವುದಿಲ್ಲ. ಅದನ್ನು ಎದುರಿಸುವವರೂ ಹಾಗೆ ನೋಡದಿರಲಿ.