ಮದರ್‌ಬೋರ್ಡ್ ಬದಲಾದರೆ ವ್ರತವೂ ಬದಲಾಗುವುದೇ?

ನಮ್ಮ ಬಸದಿಯ ಟ್ರಸ್ಟ್ ಕಚೇರಿಯ ಗಣಕಯಂತ್ರದ ಮದರ್‌ಬೋರ್ಡ್ ಕಳೆದ ಮಳೆಗಾಲದ ಸಿಡಿಲಿಗೆ ಸುಟ್ಟುಹೋಯಿತು. ಪೇಟೆಯಿಂದ ತಂದ ಹೊಸ ಬೋರ್ಡನ್ನು ಕೂಡಿಸಿದ ಮೇಲೆ ಪರದೆಯ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಸೂಚನೆ ಮೂಡಿ ನಿಂತಿತು. ದುರಸ್ತಿಗೆ ಬಂದಿದ್ದ ತರುಣನು ಪೆನ್‌ಡ್ರೈವಿನಲ್ಲಿದ್ದ ‘ಕ್ರ್ಯಾಕ್’ ಒಂದನ್ನು ಓಡಿಸಿ, ಐದು ನಿಮಿಷಗಳಲ್ಲಿ ಅದನ್ನು ಅಳಿಸಿದನು. ವೋಚರಿನಲ್ಲಿ ‘ಗಣಕಯಂತ್ರ ದುರಸ್ತಿ’ ಎಂದು ಬರೆದು, ನಾನೂ ಸೇರಿದಂತೆ ಮೂವರು ಸಹಿ ಹಾಕಿದೆವು. ದಾನಿಗಳ ಕಾಣಿಕೆಗೆ ಪೈಸೆ ಪೈಸೆಯ ಲೆಕ್ಕವಿಡುವ ಯಂತ್ರವೇ ಅಂದಿನಿಂದ ಕದ್ದ ಅನುಮತಿಯ ಮೇಲೆ ನಡೆಯತೊಡಗಿತು.

‘ಒಮ್ಮೆ ಹಣ ಕೊಟ್ಟು ಕೊಂಡದ್ದಲ್ಲವೇ? ಮತ್ತೇಕೆ ಕೊಡಬೇಕು?’ ಎಂಬುದು ಎಲ್ಲರ ಸಮಾಧಾನ. ಈ ಮಾತನ್ನು ಪರೀಕ್ಷಿಸೋಣ. 2001ರ ವಿಂಡೋಸ್ ಎಕ್ಸ್‌ಪಿಯಿಂದ ಮೊದಲ್ಗೊಂಡು ಈ ತಂತ್ರಾಂಶವು ತಾನಿರುವ ಯಂತ್ರದ ಭಾಗಗಳ ಗುರುತನ್ನು ಹಿಡಿದಿಟ್ಟುಕೊಳ್ಳುತ್ತದೆ. ರ‍್ಯಾಮ್ ಒಂದನ್ನು ಬದಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮದರ್‌ಬೋರ್ಡ್ ಬದಲಾದರೆ ಅದಕ್ಕೆ ಇದು ಬೇರೆಯೇ ಯಂತ್ರ. ಪ್ರತ್ಯೇಕವಾಗಿ ಕೊಂಡ ರಿಟೇಲ್ ಲೈಸೆನ್ಸ್ ಆಗಿದ್ದರೆ ಹೊಸ ಬೋರ್ಡಿಗೂ ಅದರ ಹಕ್ಕು ಸಲ್ಲುತ್ತದೆ. ಅದನ್ನು ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ, ಯಂತ್ರಾಂಶ ಬದಲಾಯಿತೆಂದು ತಿಳಿಸಿ ಖರ್ಚಿಲ್ಲದೆ ಮರಳಿ ಸಕ್ರಿಯಗೊಳಿಸಬಹುದು. 2016ರಿಂದ ಈ ಸೌಕರ್ಯವಿದೆ. ಆದರೆ ಯಂತ್ರದೊಡನೆ ಬಂದ ಓಇಎಂ ಲೈಸೆನ್ಸ್ ಮೂಲ ಬೋರ್ಡಿಗೇ ಅಂಟಿಕೊಂಡದ್ದು. ಕೆಟ್ಟ ಬೋರ್ಡನ್ನು ತಯಾರಕರೇ ವಾರಂಟಿಯಲ್ಲಿ ಬದಲಿಸಿಕೊಟ್ಟರೆ ಅದು ಮುಂದುವರಿಯುತ್ತದೆ. ಪೇಟೆಯ ಬೋರ್ಡಿಗೆ ಅದು ಸಲ್ಲದು. ನಮ್ಮದು ಈ ಎರಡನೆಯ ಬಗೆಯದು.

ಇದು ಅನ್ಯಾಯವೆಂದರೆ ನಾನೂ ಒಪ್ಪುತ್ತೇನೆ. ಬೋರ್ಡ್ ಸತ್ತರೆ ಲೈಸೆನ್ಸೂ ಸಾಯುತ್ತದೆಂದು ಮಾರುವಾಗ ಗ್ರಾಹಕನಿಗೆ ಬಾಯಿಬಿಟ್ಟು ಹೇಳುವವರಿಲ್ಲ. ಇದನ್ನು ಬಹಿರಂಗವಾಗಿ ಖಂಡಿಸೋಣ. ಆದರೆ ಪರರ ಲೋಭವು ನಮ್ಮ ಚೌರ್ಯಕ್ಕೆ ಸಮರ್ಥನೆಯಾಗದು. ‘ಮಾಡಿದವನು ರಿಪೇರಿಯ ಹುಡುಗ, ನಮಗೇನು ಗೊತ್ತು?’ ಎನ್ನುವವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ನೋಡಲಿ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಸ್ತೇನಪ್ರಯೋಗ, ಎಂದರೆ ಕಳವಿಗೆ ಅನ್ಯರನ್ನು ಪ್ರೇರಿಸುವುದು. ಎರಡನೆಯದು ತದಾಹೃತಾದಾನ, ಎಂದರೆ ಕಳವಿನ ವಸ್ತುವನ್ನು ಸ್ವೀಕರಿಸುವುದು. ಒಂದೇ ವೋಚರಿನಲ್ಲಿ ನಾವು ಎರಡನ್ನೂ ಮಾಡಿದೆವು.

ಬಡತನದ ನೆಪವೂ ನಿಲ್ಲುವುದಿಲ್ಲ. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಗಳು, ಕನ್ನಡದಲ್ಲಿ ಪತ್ರ-ಲೆಕ್ಕಗಳನ್ನು ಬರೆಯಬಲ್ಲ ಲಿಬ್ರೆಆಫೀಸ್, ಇವೆರಡೂ ಉಚಿತವಾಗಿ, ನ್ಯಾಯವಾಗಿ ದೊರೆಯುತ್ತವೆ. ಎಷ್ಟು ಬೋರ್ಡ್ ಬದಲಿಸಿದರೂ ಅವು ಅನುಮತಿ ಕೇಳುವುದಿಲ್ಲ. ಕಲಿಯುವ ಶ್ರಮ ಬೇಡವೆಂದರೆ ಹಣ ಕೊಡಬೇಕು. ಎರಡೂ ಬೇಡವೆನ್ನುವುದು ಬಡತನವಲ್ಲ, ಪ್ರಮಾದ. ಮೇಲಾಗಿ, ಕ್ರ್ಯಾಕಿಗಾಗಿ ವೈರಸ್‌ರಕ್ಷಣೆಯನ್ನು ಆರಿಸಿ, ದಾನಿಗಳ ಹೆಸರು, ಬ್ಯಾಂಕ್ ವಿವರಗಳಿರುವ ಯಂತ್ರವನ್ನು ಅಪರಿಚಿತರಿಗೆ ತೆರೆದಿಟ್ಟಂತಾಗುತ್ತದೆ.

ಆದುದರಿಂದ ಟ್ರಸ್ಟಿಗಳಲ್ಲಿ ವಿನಂತಿ: ಕೊಳ್ಳುವಾಗಲೇ ಲೈಸೆನ್ಸ್ ಯಾವ ಬಗೆಯದೆಂದು ಕೇಳಿ, ರಸೀದಿಯಲ್ಲಿ ಬರೆಯಿಸಿ, ಅದರ ಕೀಲಿಸಂಖ್ಯೆಯನ್ನು ಆಸ್ತಿ ರಿಜಿಸ್ಟರಿನಲ್ಲಿ ನಮೂದಿಸಿ, ದುರಸ್ತಿಗೆ ಮೊದಲು ‘ಕ್ರ್ಯಾಕ್ ಕೂಡದು’ ಎಂದು ಸ್ಪಷ್ಟವಾಗಿ ಹೇಳಿ. ನಮ್ಮಲ್ಲಿ ಕ್ರ್ಯಾಕನ್ನು ತೆಗೆಸಿ, ಯಂತ್ರವನ್ನು ಶುದ್ಧಗೊಳಿಸಿ, ಹೊಸ ರಿಟೇಲ್ ಲೈಸೆನ್ಸ್ ಕೊಂಡಿದ್ದೇವೆ. ಅದರ ಬೆಲೆಯನ್ನು ಬಸದಿಯ ನಿಧಿಯಿಂದ ತೆಗೆಯಲಿಲ್ಲ. ವೋಚರಿಗೆ ಸಹಿ ಹಾಕಿದ ಮೂವರೂ ಹಂಚಿಕೊಂಡು ಕೊಟ್ಟೆವು.