ಕಸದ ಪಾಠ ಮನೆಮಾತಿನಲ್ಲಿ



ಪಂಚಗಂಗೆಯು ಕೊಲ್ಹಾಪುರ, ಇಚಲಕರಂಜಿಗಳನ್ನು ಹಾದು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ಗಡಿ ದಾಟಿ ಸಂಕೇಶ್ವರದ ಕಡೆಗೆ ಹರಿಯುತ್ತದೆ. ಹಳ್ಳದ ದಂಡೆಗೆ ನಾವು ಸುರಿದ ಕಸ ಮಳೆಗಾಲದಲ್ಲಿ ಹಿಡಿಯುವುದೂ ಇದೇ ದಾರಿಯನ್ನು. ಮೇಲಿನ ಊರಿನ ಹೊಲಸು ಕೆಳಗಿನ ಊರಿನ ನೀರು ಸೇರುತ್ತದೆ. ಕಲುಷಿತ ನೀರು ಏನು ಮಾಡಬಲ್ಲದೆಂಬುದನ್ನು 2012ರಲ್ಲಿ ಇಚಲಕರಂಜಿ ಕಂಡಿದೆ. ಆಗ ಹರಡಿದ ಕಾಮಾಲೆಗೆ ಸಾವಿರಾರು ಜನ ತುತ್ತಾದರು, ಹಲವರು ಜೀವ ಕಳೆದುಕೊಂಡರು.

ಭಾಷೆಯ ಹಕ್ಕಿಗಾಗಿ ಇರುವ ಈ ಪತ್ರಿಕೆಗೆ ಕಸದ ಮಾತೇಕೆ ಎಂದು ತಾವು ಕೇಳಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಈ ಹಕ್ಕಿನ ಫಲ ಬರೀ ಪರೀಕ್ಷೆಯ ಅಂಕಗಳಲ್ಲಿಲ್ಲ. ಮನೆಮಾತಿನಲ್ಲಿ ಕಲಿತ ಪಾಠವನ್ನು ಮಗು ಅಂದೇ ಸಂಜೆ ತಾಯಿಗೆ, ಅಜ್ಜಿಗೆ ಹೇಳಬಲ್ಲದು. ಶಾಲೆಯ ತಿಳಿವಳಿಕೆ ಅಡುಗೆಮನೆಗೆ ತಲುಪುವ ನೇರ ದಾರಿ ಇದೇ.

ನಮ್ಮ ಹಿರಿಯರ ಕಾಲದಲ್ಲಿ ಸಗಣಿ, ಬೂದಿ, ಸೊಪ್ಪು-ಸಿಪ್ಪೆ ತಿಪ್ಪೆ ಸೇರಿ, ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿದ್ದವು. ಈಗ ಪ್ಲಾಸ್ಟಿಕ್ ಚೀಲ, ಒಡೆದ ಗಾಜು, ಔಷಧಿಯ ಬಾಟಲಿ ಬೆರೆತು ತಿಪ್ಪೆಯೇ ಕೆಟ್ಟಿದೆ. ಆದ್ದರಿಂದ ಹಸಿ ಕಸ, ಒಣ ಕಸ ಬೇರೆ ಮಾಡುವುದು ಮೊದಲ ಕೆಲಸ. ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚಬೇಡಿರಿ. ಆ ಹೊಗೆ ನಮ್ಮ ಮಕ್ಕಳ ಎದೆಗೇ ಸೇರುತ್ತದೆ.

ಹಸಿ ಕಸಕ್ಕೆ ಶಾಲೆಯ ಹಿತ್ತಲಲ್ಲಿ ಒಂದು ನಾಡೆಪ್ ತೊಟ್ಟಿ ಸಾಕು. ಯವತಮಾಳ ಜಿಲ್ಲೆಯ ನಾರಾಯಣ ಪಂಢರಿಪಾಂಡೆಯವರು ರೂಪಿಸಿದ ಈ ತೊಟ್ಟಿಯ ಗೋಡೆಯಲ್ಲಿ ಗಾಳಿಯಾಡಲು ಇಟ್ಟಿಗೆಗಳ ನಡುವೆ ಕಿಂಡಿ ಬಿಡುತ್ತಾರೆ. ಕಸ, ಸಗಣಿ ನೀರು, ಮಣ್ಣು ಇವನ್ನು ಪದರು ಪದರಾಗಿ ತುಂಬಿ, ಮೇಲೆ ಮೆತ್ತಿ, ಹಸಿ ಆರದಂತೆ ನೋಡಿಕೊಂಡರೆ ಮೂರು-ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಮರಾಠಿ ನೆಲದ ಈ ಜಾಣ್ಮೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯಲಿ.

ಒಣ ಕಸವನ್ನು ಒಯ್ಯುವ ವ್ಯವಸ್ಥೆ ಪಂಚಾಯತಿಯದು. ಗ್ರಾಮಸಭೆಗೆ ತಪ್ಪದೆ ಹೋಗಿರಿ, ತಾಯಂದಿರನ್ನೂ ಕರೆದೊಯ್ಯಿರಿ. ಕಸದ ಗಾಡಿ ಯಾವ ದಿನ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ಕನ್ನಡಿಗರಿರುವ ಓಣಿಗಳಲ್ಲಿ ಸೂಚನಾಫಲಕ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಇರಲೆಂದು ವಿನಯದಿಂದ, ಆದರೆ ಬಿಡದೆ, ಕೇಳಿರಿ. ಫಲಕ ಬರುವವರೆಗೆ ಕಾಯಬೇಕಿಲ್ಲ; ನಮ್ಮ ಮಕ್ಕಳೇ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಓಣಿಯ ತುದಿಗೆ ತೂಗುಹಾಕಲಿ.

ಹಕ್ಕು ಕೇಳುವವರ ಅಂಗಳ ಚೊಕ್ಕಟವಾಗಿದ್ದರೆ ಅವರ ಮಾತಿಗೆ ತೂಕ ಹೆಚ್ಚು.